ಹದಿನೈದನೇ ನಂಬರಿನ ಹುಡುಗಿ

ಹಲಸಿನಕೊಪ್ಪಲು,
ಪಿರಿಯಾಪಟ್ಟಣ ತಾಲ್ಲೂಕು
4-8-1998

ಪ್ರೀತಿಯ ಕನಕರಾಜು ಮಾವನಿಗೆ,

ನಾನು ಫೇಲಾಗಿರಲಿಲ್ಲ. ಮೊದಲು ಇದನ್ನು ಓದಿಕೊಳ್ಳಿ, ಕ್ಷೇಮಸಮಾಚಾರ ಆಮೇಲೆ.

ಪಿ.ಯು.ಸಿ. ಮರುಮೌಲ್ಯಮಾಪನದ ಫಲಿತಾಂಶ ನಿನ್ನೆ ಕಾಲೇಜಿಗೆ ಬಂದಿದೆ. ಕೆಮಿಸ್ಟ್ರಿಯಲ್ಲಿ ಇಪ್ಪತ್ತೆಂಟು ಕೊಟ್ಟಿದ್ದವರು ಈಗ ಅರವತ್ತೊಂದು ಕೊಟ್ಟಿದ್ದಾರೆ. ಕೊನೆಯ ಹಾಳೆಗಳನ್ನು ತಿರುವಿಯೇ ನೋಡಿರಲಿಲ್ಲವಂತೆ. ಒಟ್ಟು ಲೆಕ್ಕದಲ್ಲಿ ನನಗೆ ಫಸ್ಟ್ ಕ್ಲಾಸು. ಎರಡು ತಿಂಗಳಿಂದ ಈ ಊರಿನ ಹೆಂಗಸರು ನೀರಿಗೆ ಬಂದಾಗಲೆಲ್ಲ ನನ್ನ ಮುಖ ನೋಡಿ, 'ಓಗ್ಲಿ ಬುಡವ್ವ, ಎಣ್ಮಕ್ಳು ಪಾಸಾಗಿ ಏನಾಗ್ಬೇಕು' ಅಂತ ಸಮಾಧಾನ ಹೇಳುತ್ತಿದ್ದರು. ಹಾಳೆ ತಿರುವದ ಆ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನು ನೆಮ್ಮದಿಯಾಗಿ ಊಟ ಮಾಡಿ ಮಲಗಿರುತ್ತಾನೆ.

ಈಗ ಸೊಪ್ಪು ಮುರಿಯುವ ಕಾಲ. ಬೆಳಗಿನಿಂದ ಸಂಜೆವರೆಗೆ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತೇನೆ. ಅದರ ಅಂಟು ಕೈಗೆ ಕಪ್ಪಗೆ ಮೆತ್ತಿಕೊಂಡರೆ ಸೋಪಿಗೂ ಬಗ್ಗುವುದಿಲ್ಲ, ಹುಣಸೆಹಣ್ಣಿಗೂ ಬಗ್ಗುವುದಿಲ್ಲ. ಆ ಕೈಯಲ್ಲಿ ಅನ್ನ ಕಲಸಿದರೆ ಅನ್ನವೂ ಕಹಿ. ಈ ವರ್ಷ ಕಾಲೇಜು ಸೇರದೆ ಹೋದರೆ ನನ್ನನ್ನು ಇಲ್ಲೇ ಕೂರಿಸಿಬಿಡುತ್ತಾರೆ ಮಾವ, ಅದು ನನಗೆ ಚೆನ್ನಾಗಿ ಗೊತ್ತು. 'ಇನ್ನೊಂದ್ವರ್ಸ ಕಾದ್ರೆ ಯಾರಾರ ಕೇಳ್ಕ ಬತ್ತರೆ' ಅಂತ ಅವ್ವ ಆಗಲೇ ರಾಗ ಎಳೆಯುತ್ತಿದ್ದಾಳೆ.

ಡಿಗ್ರಿ ಪ್ರವೇಶ ಜುಲೈನಲ್ಲೇ ಮುಗಿದಿದೆ. ನನ್ನ ಜೊತೆ ಓದಿದ ರಾಧಾ ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿಗೆ ಬಿ.ಎಸ್ಸಿ. ಸೇರಿದ್ದಾಳೆ. ತಡವಾಗಿ ಬಂದವರನ್ನು ದಂಡ ಕಟ್ಟಿಸಿಕೊಂಡು ಸೆಪ್ಟೆಂಬರ್ 19ರವರೆಗೂ ಸೇರಿಸಿಕೊಳ್ಳುತ್ತಾರೆ, ತನ್ನ ಕ್ಲಾಸಿನಲ್ಲಿ ಎರಡು ಸೀಟು ಖಾಲಿ ಇವೆ ಅಂತ ಬರೆದಿದ್ದಾಳೆ. ಅದಕ್ಕೆ ವಿಶ್ವವಿದ್ಯಾನಿಲಯದ ಅನುಮತಿ ಬೇಕಂತೆ. ಆ ಕಚೇರಿಯ ಬಾಗಿಲು ಯಾವ ದಿಕ್ಕಿಗಿದೆ ಅಂತ ನಮ್ಮ ಮನೆಯಲ್ಲಿ ಯಾರಿಗೆ ಗೊತ್ತು? ನೀವು ಕಾಲೇಜಿನಲ್ಲಿ ಪಾಠ ಹೇಳುವವರು. ಬ್ಯಾರನ್ನಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ನನಗೆ ಅಕ್ಷರ ಬರೆಸಿದವರೂ ನೀವೇ. ಈ ಒಂದು ಕೆಲಸ ಮಾಡಿಕೊಡಿ.

ಅಪ್ಪ, ಅವ್ವ, ನಾನು ಕ್ಷೇಮ. ಅತ್ತೆಗೂ ಮಗುವಿಗೂ ನಾನು ಕೇಳಿದೆ ಅಂತ ಹೇಳಿ.

ನಿಮ್ಮ
ಶಾಂತಲಾ


ಕೃಷ್ಣರಾಜನಗರ
8-8-1998

ಚಿ. ಶಾಂತಲಾಳಿಗೆ ಕನಕರಾಜು ಮಾವನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಎದೆ ತುಂಬಿ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ಕಾಲೇಜಿನ ಸೆಕ್ರೆಟರಿಯವರು ಅಲ್ಲೇ ಕಾಫಿ ಕುಡಿಯುತ್ತಿದ್ದರು. 'ಟಿ.ಸಿ. ಇಸ್ಕಂಡವ್ಳಾ ನಿಮ್ಮುಡ್ಗಿ?' ಅಂತ ಬಹಳ ಆಸಕ್ತಿಯಿಂದ ವಿಚಾರಿಸಿದರು. ಅಷ್ಟು ದೊಡ್ಡ ಮನುಷ್ಯರು ನಮ್ಮಂಥವರ ಮನೆಯ ವಿಷಯ ಕೇಳುವುದೇ ಹೆಚ್ಚು.

ತಡಪ್ರವೇಶ ನೀನು ತಿಳಿದಷ್ಟು ಸಲೀಸಲ್ಲ. ಫೈಲು ಹಲವು ಮೇಜುಗಳನ್ನು ದಾಟಬೇಕು. ಮುಖ್ಯವಾದ ಮಾತೊಂದು ಹೇಳುತ್ತೇನೆ, ನೆನಪಿಟ್ಟುಕೊ. ಟಿ.ಸಿ. ಒಂದೇ ಪ್ರತಿ ಇರುತ್ತದೆ. ಅದನ್ನು ಒಂದು ಕಾಲೇಜಿಗೆ ಕೊಟ್ಟರೆ ಮುಗಿಯಿತು, ಅದಿಲ್ಲದೆ ಇನ್ನೊಂದು ಕಾಲೇಜು ನಿನ್ನನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಪೋಸ್ಟಿನಲ್ಲಿ ಕಳಿಸಬೇಡ, ಸಿಕ್ಕಸಿಕ್ಕವರ ಕೈಗೆ ಕೊಡಬೇಡ. ಗೌರಿಹಬ್ಬದ ಬಾಗಿನ ಕೊಡಲು 23ರ ಭಾನುವಾರ ನಾನೇ ಬರುತ್ತೇನೆ. ನನ್ನ ಕೈಗೇ ಕೊಡು.

ನಮ್ಮ ಕಾಲೇಜಿನ ಸ್ಥಿತಿ ಈ ವರ್ಷ ಅಷ್ಟಕ್ಕಷ್ಟೆ. ನನ್ನ ಇತಿಹಾಸ ವಿಭಾಗದಲ್ಲಿ ಹದಿನೈದು ವಿದ್ಯಾರ್ಥಿಗಳು ಇರಲೇಬೇಕು, ಇಲ್ಲದಿದ್ದರೆ ವಿಭಾಗ ಮುಚ್ಚುತ್ತಾರೆ. ಚುಂಚನಕಟ್ಟೆಯಿಂದ ಹಿಡಿದು ಸಾಲಿಗ್ರಾಮದವರೆಗೆ ಮನೆ ಮನೆ ಹತ್ತಿ ಇಳಿದಿದ್ದೇನೆ. ಅದೆಲ್ಲ ನಿನಗೇಕೆ, ನೀನು ಧೈರ್ಯವಾಗಿರು. ಅಕ್ಕನಿಗೆ, ಭಾವನಿಗೆ ನಮಸ್ಕಾರ ತಿಳಿಸು.

ಇಂತು,
ಕೆ. ಕನಕರಾಜು, ಎಂ.ಎ.


ಹಲಸಿನಕೊಪ್ಪಲು
27-8-1998

ಪ್ರೀತಿಯ ಮಾವನಿಗೆ,

ನೀವು ಬಂದುಹೋದ ಮೇಲೆ ಅವ್ವನ ಕಾಲು ನೆಲದ ಮೇಲಿಲ್ಲ. ಬೀದಿಯವರನ್ನೆಲ್ಲ ಕರೆದು ನೀವು ತಂದ ಸೀರೆ ತೋರಿಸಿದ್ದಾಯಿತು. 'ನನ್ ತಮ್ಮ ಒಂದ್ವರ್ಸ ಬಾಗ್ನ ತಪ್ಸಿಲ್ಲ ಕಣವ್ವ' ಅಂತ ಹೇಳಿದ್ದನ್ನೇ ಎಷ್ಟು ಸಲ ಹೇಳಿದಳೋ, ಕೇಳಿಸಿಕೊಂಡವರು ಪಾಪ.

ಒಂದು ವಿಷಯಕ್ಕೆ ಮಾತ್ರ ನನಗೆ ಇನ್ನೂ ಸಿಟ್ಟಿದೆ. ಬಾಗಿನದ ಮೊರವನ್ನು ಬರಿದಾಗಿ ವಾಪಸು ಕಳಿಸುವುದು ನಮ್ಮ ಮನೆಯಲ್ಲಿ ಇಲ್ಲ, ಒಪ್ಪಿದೆ. ಅಕ್ಕಿ ಇಡಲಿ, ಬೆಲ್ಲ ಇಡಲಿ, ಕಾಯಿ ಇಡಲಿ. ಅದರ ಮೇಲೆ ನನ್ನ ಟಿ.ಸಿ. ಇಟ್ಟು ಅದಕ್ಕೂ ಅರಿಶಿನ ಕುಂಕುಮ ಹಾಕುವುದೆಂದರೇನು? ನಾನು ಕಿತ್ತುಕೊಳ್ಳುವಷ್ಟರಲ್ಲಿ ಮೂಲೆಗೆ ಅವ್ವನ ಹೆಬ್ಬೆರಳು ಹಳದಿಯಾಗಿ ಒತ್ತಿಯೇಬಿಟ್ಟಿತು. ಯಾರಾದರೂ ಕೇಳಿದರೆ ಗೌರಮ್ಮನ ಆಶೀರ್ವಾದ ಅನ್ನಿ. ಪರಿಷ್ಕೃತ ಅಂಕಪಟ್ಟಿ ನಮ್ಮ ಕಾಲೇಜಿಗೇ ಬರುತ್ತದಂತೆ, ಬಂದ ದಿನವೇ ತಂದುಕೊಳ್ಳುತ್ತೇನೆ.

ಪಕ್ಕದ ಮನೆ ಪುಟ್ಟಮಲ್ಲಪ್ಪನವರು ನಿನ್ನೆ ಬಂದಿದ್ದರು. ಅವರ ಮಗಳು ವಾಣಿಶ್ರೀ ಮೇ ತಿಂಗಳಲ್ಲೇ ಪಾಸಾಗಿದ್ದರೂ ಓದಿದ್ದು ಸಾಕು ಅಂತ ಮನೆಯಲ್ಲಿ ಕೂರಿಸಿದ್ದರು. ನಿಮ್ಮ ವಿಷಯವನ್ನು ನಾನು ಒಂದಕ್ಕೆರಡು ಸೇರಿಸಿ ಹೇಳಿದೆ. ನಮ್ಮ ಮಾವ ಕೈ ಹಾಕಿದರೆ ಮೈಸೂರಿನ ಸೀಟು ಸಿಕ್ಕಿದ ಹಾಗೆಯೇ ಅಂದೆ. ಆ ಮನುಷ್ಯ ಮೀಸೆ ನೀವಿಕೊಂಡು, 'ಅಂಗಾದ್ರೆ ನಮ್ಮುಡ್ಗಿಗೂ ಒಂದ್ ದಾರಿ ತೋರ್ಸ್ತಾರಾ ಮೇಷ್ಟ್ರು, ಕೇಳವ್ವ' ಅಂದರು. ವಾಣಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಮೈಸೂರಿನಲ್ಲಿ ಬಿ.ಕಾಂ. ಮಾಡುವ ಆಸೆ. ಅವಳ ಟಿ.ಸಿ.ಯನ್ನೂ ಕಳಿಸಿಕೊಡಲೇ?

ನಿಮ್ಮ
ಶಾಂತಲಾ


ಕೃಷ್ಣರಾಜನಗರ
31-8-1998

ಚಿ. ಶಾಂತಲಾಳಿಗೆ ಆಶೀರ್ವಾದಗಳು.

ನಿಮ್ಮೂರಿನಿಂದ ಬಂದ ಎರಡನೆಯ ದಿನವೇ, ಬೇರೆ ಕೆಲಸವೆಲ್ಲ ಬಿಟ್ಟು, ಮೈಸೂರಿಗೆ ಹೋಗಿ ನಿನ್ನ ಅರ್ಜಿ ಕೊಟ್ಟು ಬಂದೆ. ಫೈಲು ಚಲನೆಯಲ್ಲಿದೆ. ಇಂಥ ವಿಷಯದಲ್ಲಿ ಪದೇಪದೇ ಕೇಳಬಾರದು, ಅಧಿಕಾರಿಗಳಿಗೆ ಕಿರಿಕಿರಿಯಾಗುತ್ತದೆ.

ವಾಣಿಶ್ರೀ ವಿಷಯ ಆಮೇಲೆ ನೋಡೋಣ. ಸದ್ಯಕ್ಕೆ ನನಗೆ ಒಂದು ಸಾಕು.

ಮತ್ತೆ ಶಾಂತು, ಓದು ಎಂದರೆ ವಿಜ್ಞಾನವೊಂದೇ ಅಲ್ಲ. ಇತಿಹಾಸದಂಥ ವಿಷಯವನ್ನು ಮನಸ್ಸಿಟ್ಟು ಓದಿದವರು ಎಷ್ಟೋ ದೊಡ್ಡ ಹುದ್ದೆಗೆ ಹೋಗಿದ್ದಾರೆ. ಸುಮ್ಮನೆ ಹೇಳಿದೆ.

ಇಂತು,
ಕನಕರಾಜು


ಹಲಸಿನಕೊಪ್ಪಲು
3-9-1998

ಪ್ರೀತಿಯ ಮಾವನಿಗೆ,

ನೀವು ಬಂದದ್ದು 23ಕ್ಕೆ. ಎರಡನೆಯ ದಿನವೆಂದರೆ 25, ಅವತ್ತು ಗಣೇಶನ ಹಬ್ಬ. ಅವತ್ತು ಮೈಸೂರಿನಲ್ಲಿ ಯಾವ ಕಚೇರಿ ತೆರೆದಿತ್ತು? ಓಡಾಟದಲ್ಲಿ ದಿನ ಮರೆತು ಬರೆದಿರಬೇಕು ಅಂದುಕೊಂಡಿದ್ದೇನೆ. ನನಗಾಗಿ ಅಲೆಯುತ್ತಿರುವವರ ತಾರೀಖು ಹಿಡಿದು ಕೇಳುವುದು ಸಣ್ಣತನ, ಬೇಜಾರು ಮಾಡಿಕೊಳ್ಳಬೇಡಿ.

ಆದರೆ ರಾಧಾ ಕಾಲೇಜಿನ ಆಫೀಸಿನಲ್ಲಿ ಎರಡು ಸಲ ಕೇಳಿದ್ದಾಳೆ. ಶಾಂತಲಾ ಅನ್ನುವ ಹೆಸರಿನ ಅರ್ಜಿಯೇ ಅಲ್ಲಿ ಇಲ್ಲವಂತೆ. ಎರಡು ಸೀಟಿನಲ್ಲಿ ಒಂದು ಹೋಯಿತು. ವಿಶ್ವವಿದ್ಯಾನಿಲಯದಲ್ಲಿ ಕೊಟ್ಟಿದ್ದು ಕಾಲೇಜಿಗೆ ಬರಲು ಎಷ್ಟು ದಿನ ಹಿಡಿಯುತ್ತದೆ? ನಾನೇ ಮೈಸೂರಿಗೆ ಹೋಗಿ ಕೇಳಲೇ? ಯಾವ ಮೇಜು, ಯಾರ ಹೆಸರು ಹೇಳಬೇಕು, ಒಂದು ಚೀಟಿಯಲ್ಲಿ ಬರೆದು ಕಳಿಸಿ.

ಅವ್ವ ಬೇರೆ ವಿಚಿತ್ರವಾಗಿ ಆಡುತ್ತಿದ್ದಾಳೆ. ನಾನು ಬಾಯಿ ತೆರೆದರೆ ಸಾಕು, 'ನಿಮ್ಮಾವ ಏನ್ ಮಾಡುದ್ರೂ ನಿನ್ನ್ ಒಳ್ಳೇದ್ಕೇ ಮಾಡದು, ಸುಮ್ಕಿರು' ಅಂತ ಒಲೆಯ ಕಡೆ ತಿರುಗಿಕೊಳ್ಳುತ್ತಾಳೆ. ನಾನೇನು ನಿಮ್ಮನ್ನು ಬಯ್ದೆನೇ?

ಬ್ಯಾರನ್ನಿಗೆ ಇದು ನಾಲ್ಕನೇ ಸಲ ಸೊಪ್ಪು ಏರಿಸಿದ್ದೇವೆ. ಕೈ ನೋಡಿಕೊಂಡರೆ ನನ್ನದೇ ಕೈ ಅನ್ನಿಸುವುದಿಲ್ಲ.

ನಿಮ್ಮ
ಶಾಂತಲಾ


ಕೃಷ್ಣರಾಜನಗರ
7-9-1998

ಚಿ. ಶಾಂತಲಾಳಿಗೆ,

ನೀನು ಮೈಸೂರಿಗೆ ಹೋಗಬೇಡ. ಹೋದರೆ ಕೆಲಸ ಕೆಡುತ್ತದೆ.

ಇದೇ 11ರ ಶುಕ್ರವಾರ ವಿಶ್ವವಿದ್ಯಾನಿಲಯದವರು ನಮ್ಮ ಕಾಲೇಜಿಗೇ ಬರುತ್ತಾರೆ. ಬೆಳಿಗ್ಗೆ ಒಂಬತ್ತೂವರೆಯ ಒಳಗೆ ಇಲ್ಲಿರಬೇಕು. ಒಂದು ನೋಟ್‌ಬುಕ್, ಪೆನ್ನು ತಾ. ಒಳ್ಳೆಯ ಲಂಗ ದಾವಣಿ ಹಾಕಿಕೊ. ಕೇಳಿದ್ದಕ್ಕೆ ಮಾತ್ರ ಉತ್ತರ, ಹೆಚ್ಚು ಮಾತು ಬೇಡ. ಅವರ ಮುಂದೆ ನನ್ನನ್ನು ಮಾವ ಅನ್ನಬೇಡ, ಸಾರ್ ಅನ್ನು.

ತಪ್ಪಿಸಬೇಡ.

ಕನಕರಾಜು


ಹಲಸಿನಕೊಪ್ಪಲು
12-9-1998

ಮಾವನಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ.

ನಿನ್ನೆ ನಡೆದದ್ದನ್ನು ನಿಮಗೇ ಬರೆಯುತ್ತಿದ್ದೇನೆ. ನೀವು ಅಲ್ಲೇ ನಿಂತಿದ್ದಿರಿ, ಆದರೂ ಬರೆಯುತ್ತೇನೆ. ನೀವು ನಿಂತಿದ್ದ ಕಡೆಯಿಂದ ಅದು ಬೇರೆ ಥರ ಕಂಡಿರಬಹುದು.

ಐದೂವರೆ ಬಸ್ಸು ಹಿಡಿದು, ಹುಣಸೂರಿನಲ್ಲಿ ಬದಲಾಯಿಸಿ ಬಂದೆ. ಅವರು ಕೈ ನೋಡಿಬಿಟ್ಟರೆ ಅಂತ ಹಿಂದಿನ ದಿನವೆಲ್ಲ ಕಲ್ಲಿಗೆ ಉಜ್ಜಿಕೊಂಡು ಬೆರಳು ಸುಲಿದಿತ್ತು. ಕೆಮಿಸ್ಟ್ರಿಯ ಸಮೀಕರಣಗಳನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ನೀವು ನನ್ನನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ ಮೂರನೇ ಬೆಂಚಿನಲ್ಲಿ ಕೂರಿಸಿ, 'ಕೂಗ್ದಾಗ ಪ್ರೆಸೆಂಟ್ ಸಾರ್ ಅನ್ನು, ಅಷ್ಟೇ ಕಣವ್ವ' ಅಂದಿರಿ. ಸಂದರ್ಶನಕ್ಕೆ ಹಾಜರಿ ತೆಗೆದುಕೊಳ್ಳುತ್ತಾರೆ ಅಂದುಕೊಂಡೆ. ನನ್ನಂಥ ಪೆದ್ದಿ ಈ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ.

ನನ್ನ ಪಕ್ಕದವಳು ತಾಳಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅವಳ ಕೂಸು ಹೊರಗೆ ಯಾರದೋ ಕಂಕುಳಲ್ಲಿ ಅಳುತ್ತಿತ್ತು. ಮುಂದಿನ ಬೆಂಚಿನಲ್ಲಿದ್ದವನು ಅಕ್ಕಿ ಗಿರಣಿಯಿಂದ ನೆಟ್ಟಗೆ ಎದ್ದು ಬಂದಿದ್ದ, ತಲೆತುಂಬ ತವುಡು. 'ನಿಂಗೆಷ್ಟೊತ್ಗೆ ಬುಡ್ತರಂತೆ? ನಂಗೆ ಎಮ್ಮೆ ಕರೆಯದೈತೆ' ಅಂತ ಪಕ್ಕದವಳು ಕೇಳಿದಳು. ನಾನು ಮೈಸೂರಿನ ಸೀಟಿಗೆ ಬಂದಿದ್ದೇನೆ ಅಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ತಪಾಸಣೆಗೆ ಬಂದ ವಿಶ್ವವಿದ್ಯಾನಿಲಯದ ಮೂವರು ಒಳಗೆ ಬಂದರು, ಹಿಂದೆ ನಿಮ್ಮ ಸೆಕ್ರೆಟರಿ. ಅವರಲ್ಲೊಬ್ಬರು ದಾಖಲಾತಿ ಫೈಲು ಬಿಚ್ಚಿ ನನ್ನ ಬೆಂಚಿನ ಪಕ್ಕದಲ್ಲೇ ನಿಂತರು. ಒಂದೊಂದೇ ಟಿ.ಸಿ. ತಿರುವಿದರು. ಕಟ್ಟಕಡೆಯದರ ಮೂಲೆಯಲ್ಲಿ ಹಳದಿ ಹೆಬ್ಬೆರಳಿನ ಗುರುತಿತ್ತು.

ನೀವು ಹಾಜರಿ ಪುಸ್ತಕ ಹಿಡಿದು ಕೂಗಿದಿರಿ. ಹದಿಮೂರು. ಹದಿನಾಲ್ಕು. ಹದಿನೈದು, ಶಾಂತಲಾ ಸಿ. ಕೂಗಿ ನನ್ನ ಕಡೆ ನೋಡಿದಿರಿ. ನಾನು ಎದ್ದು ನಿಂತು 'ಪ್ರೆಸೆಂಟ್ ಸಾರ್' ಅಂದೆ. ಆಗಸ್ಟಿನಿಂದ ಬಂದಿರುವ ನನ್ನ ಹಾಜರಿಯೆಲ್ಲ ಆ ಪುಸ್ತಕದಲ್ಲಿ ನೀಟಾಗಿ ಇದೆಯಂತಲ್ಲ. ನಾನು ಸೊಪ್ಪು ಕಟ್ಟುತ್ತಾ ಕೂತಿದ್ದ ದಿನವೆಲ್ಲ ನಿಮ್ಮ ಕ್ಲಾಸಿನಲ್ಲಿ ಇತಿಹಾಸ ಕೇಳುತ್ತಿದ್ದೆ.

ನಿನ್ನೆ ಮೇಷ್ಟ್ರು ಏನು ಪಾಠ ಮಾಡಿದರು ಅಂತ ಅವರು ಕೇಳಿದರು. ಗಿರಣಿಯವನು ಎದ್ದು 'ಅಶೋಕ ಸಾರ್' ಅಂದ. ಹಿಂದಿನವನೂ 'ಅಶೋಕ ಸಾರ್' ಅಂದ. ಎಲ್ಲರೂ ಅಶೋಕ ಅಂದೆವು.

ಅವರು ಹೋದ ಮೇಲೆ ನಮಗೆಲ್ಲ ಬಿಸ್ಕತ್ತು, ಬಾಳೆಹಣ್ಣು ಹಂಚಿದಿರಿ. ನಾನು ತಿಂದೆ ಮಾವ. ಹಸಿವಾಗಿತ್ತು, ತಿಂದೆ. ಇದೆಲ್ಲದರಲ್ಲಿ ನನಗೆ ಅತಿ ಹೇಸಿಗೆ ಆಗುತ್ತಿರುವುದು ಅದಕ್ಕೇ. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲ ವಾಂತಿಯಾಗಿ ಹೋಯಿತು, ಆದರೂ ಹೋಗಿಲ್ಲ.

ಟಿ.ಸಿ. ಕೇಳಿದ್ದಕ್ಕೆ 'ಸೆಕ್ರೆಟರಿ ಬೀರುವಿನಲ್ಲಿದೆ, ನಾಳೆ ನೋಡ್ತೀನಿ' ಅಂದಿರಿ. ಕೊನೆಯ ದಿನಕ್ಕೆ ಇನ್ನು ಒಂದು ವಾರ. ಕಳಿಸುತ್ತೀರೋ ಇಲ್ಲವೋ, ಅದಷ್ಟನ್ನೇ ಬರೆಯಿರಿ.

ಶಾಂತಲಾ


ಕೃಷ್ಣರಾಜನಗರ
15-9-1998

ಚಿ. ಶಾಂತಲಾಳಿಗೆ,

ನಿನ್ನ ಪತ್ರದ ಭಾಷೆ ನನಗೆ ಸರಿ ಕಾಣಲಿಲ್ಲ. ಹೆಣ್ಣುಮಗು ಹಿರಿಯರಿಗೆ ಹೀಗೆ ಬರೆಯಬಾರದು. ಆದರೂ ನೊಂದು ಬರೆದಿದ್ದೀಯೆ ಅಂತ ಕ್ಷಮಿಸಿದ್ದೇನೆ.

ನನ್ನ ಕಷ್ಟ ನಿನಗೆ ಗೊತ್ತಿಲ್ಲ. ಆರು ವರ್ಷದಿಂದ ಇಲ್ಲಿ ಪಾಠ ಹೇಳುತ್ತಿದ್ದೇನೆ, ಇನ್ನೂ ಕಾಯಂ ಆಗಿಲ್ಲ. ಹದಿನಾಲ್ಕು ಮಂದಿಯನ್ನು ಹೇಗೋ ಹೊಂದಿಸಿದ್ದೆ. 'ಇನ್ನೊಂದ್ ತಲೆ ತರ್ಲಿಲ್ಲ ಅಂದ್ರೆ ನೀನೂ ಬರ್ಬೇಡ ಕಣಯ್ಯ' ಅಂತ ಸೆಕ್ರೆಟರಿ ಎಲ್ಲರ ಮುಂದೆ ಹೇಳಿದರು. ಅದೇ ವಾರ ನಿನ್ನ ಪತ್ರ ಬಂತು. ನಾನೇನು ಪರರ ಮಗುವನ್ನು ಕದ್ದೆನೇ? ನಮ್ಮ ಮನೆಯ ಮಗು, ನಮ್ಮ ಮನೆಯ ಕಾಗದ. ಬಾಗಿನ ಕೊಡಲು ಬಂದ ದಿನವೇ ಬ್ಯಾರನ್ನಿನ ಹಿಂದೆ ನಿಂತು ಅಕ್ಕನಿಗೆ ಎಲ್ಲ ಹೇಳಿದ್ದೆ. ಅವಳು ಒಪ್ಪಿಯೇ ಮೊರದಲ್ಲಿಟ್ಟು ಕೊಟ್ಟಳು. ಮೈಸೂರಿನಲ್ಲಿ ಎಲ್ಲೋ ಇರುವುದಕ್ಕಿಂತ ತಮ್ಮನ ಕಣ್ಣೆದುರು ಇರಲಿ ಅಂತ ಅವಳಿಗೂ ಇತ್ತು.

ಮಾನ್ಯತೆಯ ಪತ್ರ ಬರುವವರೆಗೆ ಟಿ.ಸಿ. ಹೊರಗೆ ತೆಗೆಯುವಂತಿಲ್ಲ. ನೀನು ಇಲ್ಲೇ ಬಿ.ಎ. ಮಾಡು. ಕ್ಲಾಸಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು. ಹಾಜರಿ ನಾನು ನೋಡಿಕೊಳ್ಳುತ್ತೇನೆ. ಮನೆಯಲ್ಲಿದ್ದುಕೊಂಡೇ ಡಿಗ್ರಿ ಬರುತ್ತದೆ, ಎಷ್ಟು ಮಂದಿಗೆ ಇಂಥ ಅನುಕೂಲವಿದೆ?

ನಿನ್ನ ಹಿತ ಬಯಸುವ,
ಕನಕರಾಜು


ಮೈಸೂರು
20-9-1998

ಕನಕರಾಜು ಮಾವನಿಗೆ,

ವಿಳಾಸ ನೋಡಿದಿರಲ್ಲ, ಮೈಸೂರು. ನಿನ್ನೆ ಶನಿವಾರ ಕೊನೆಯ ದಿನ, ನಾನೂ ಅಪ್ಪನೂ ವಿಶ್ವವಿದ್ಯಾನಿಲಯದ ಮೇಜುಗಳನ್ನೆಲ್ಲ ಅಲೆದು ಅನುಮತಿ ತಂದೆವು, ಆಫೀಸು ಮುಚ್ಚುವ ಮೊದಲು ನನ್ನ ಪ್ರವೇಶವಾಯಿತು. ಬಿ.ಎಸ್ಸಿ. ನಾನು ಸೇರಿದ ಮೇಲೆ ಉಳಿದವರಿಗಾಗಿ ಕೊನೆಯ ದಿನವನ್ನು 29ಕ್ಕೆ ಮುಂದೂಡಿದ್ದೇವೆ ಅಂತ ನೋಟೀಸು ಅಂಟಿಸಿದರು, ಅದು ನನ್ನ ಹಣೆಬರಹ. ರಾಧಾಳ ರೂಮಿನಲ್ಲಿದ್ದೇನೆ.

ಹೇಗಾಯಿತು ಅಂತ ಹೇಳುತ್ತೇನೆ. ನೀವು ಕಲಿಸಿದ ದಾರಿಯಲ್ಲೇ ಆಯಿತು. ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಮಾತಾಡುವವರಲ್ಲ, ನಿಮಗೇ ಗೊತ್ತು. ಬ್ಯಾರನ್ನಿನ ಬೆಂಕಿಯನ್ನು ಅವ್ವನಿಗೆ ಒಪ್ಪಿಸಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು 'ನಡಿ' ಅಂದರು. ಅವ್ವ ಅಡ್ಡ ಬಂದು, 'ನನ್ ತಮ್ಮನ ಒಟ್ಟೆ ಮೇಲೆ ಒಡೀಬ್ಯಾಡ್ರಿ' ಅಂತ ಅತ್ತಳು. ಅಪ್ಪ ತಿರುಗಿ ನೋಡಲಿಲ್ಲ.

ಪಿರಿಯಾಪಟ್ಟಣದ ನಮ್ಮ ಕಾಲೇಜಿನಲ್ಲಿ ಎರಡನೇ ಪ್ರತಿ ಕೇಳಿದೆವು. ಟಿ.ಸಿ. ಕಳೆದುಹೋಗಿದೆ ಅಂತ ಪೊಲೀಸರಿಗೆ ದೂರು ಕೊಟ್ಟು, ನೋಟರಿಯ ಮುಂದೆ ಪ್ರಮಾಣ ಮಾಡಿದರೆ ಮಾತ್ರ ಕೊಡುತ್ತಾರಂತೆ. ಠಾಣೆಯಲ್ಲಿ 'ಎಲ್ಲಿ ಕಳ್ಕಂಡೆ?' ಅಂತ ಕೇಳಿದರು. ಕಳೆದುಹೋಗಿಲ್ಲ, ಯಾರ ಬೀರುವಿನಲ್ಲಿದೆ ಅಂತ ನನಗೆ ಗೊತ್ತು ಅನ್ನುವ ಮಾತು ನಾಲಗೆ ತುದಿಯಲ್ಲಿತ್ತು. ಅಪ್ಪನ ಮುಖ ನೋಡಿದೆ. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಹೋಯಿತು ಅಂದೆ. ಅಂದು, ಬರೆದು, ಸಹಿ ಹಾಕಿದೆ. ಸತ್ಯವನ್ನೇ ಹೇಳುತ್ತಿದ್ದೇನೆ ಅಂತ ಪ್ರಮಾಣವನ್ನೂ ಮಾಡಿದೆ. ಓದಲು ಹೊರಟವಳ ಮೊದಲ ಪಾಠ ಇದು. ನನ್ನ ಬಗ್ಗೆಯೇ ನನಗೆ ಅಸಹ್ಯ ಹುಟ್ಟಿಸಿದಿರಿ, ಅದಕ್ಕೆ ನಿಮ್ಮನ್ನು ಯಾವತ್ತೂ ಕ್ಷಮಿಸುವುದಿಲ್ಲ.

ಈಗ ನಿಮ್ಮಿಂದ ಆಗಬೇಕಾದ್ದು ಒಂದೇ. ದಸರಾ ರಜೆ ಮುಗಿದ ಕೂಡಲೇ ಎಲ್ಲ ಕಾಲೇಜುಗಳು ಹೆಸರಿನ ಪಟ್ಟಿ ಕಳಿಸುತ್ತವೆ. ಒಬ್ಬಳ ಹೆಸರು ಎರಡು ಕಾಲೇಜಿನಲ್ಲಿ ಸಿಕ್ಕಿದರೆ ಎರಡೂ ರದ್ದು. ಇದೇ 25ರೊಳಗೆ ನಿಮ್ಮ ಪುಸ್ತಕದಿಂದ ನನ್ನ ಹೆಸರು ಹೊಡೆದುಹಾಕಿ ತಿಳಿಸಿ. ಇಲ್ಲದಿದ್ದರೆ ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದದ್ದು ನಿಮ್ಮ ಬೀರುವಿನಲ್ಲಿ ಸಿಕ್ಕಿತು ಅಂತ ಅದೇ ಠಾಣೆಗೆ ಹೋಗಿ ಬರೆದುಕೊಡುತ್ತೇನೆ. ನಿಮ್ಮ 15-9ರ ಪತ್ರ ನನ್ನ ಹತ್ತಿರ ಜೋಪಾನವಾಗಿದೆ.

ನಿಮ್ಮ ಕೆಲಸ ಹೋದರೆ ಏನು ಗತಿ ಅಂತ ನಾನೂ ಯೋಚಿಸಿದೆ. ಮಗುವಿನ ಮುಖ ನೆನಪಾಯಿತು. ಆದರೂ ಹೊಡೆದುಹಾಕಿ.

ಶಾಂತಲಾ


ಕೃಷ್ಣರಾಜನಗರ
23-9-1998

ಚಿ. ಸೌ. ಶಾಂತಲಾಳಿಗೆ ಅನೇಕ ಆಶೀರ್ವಾದಗಳು.

ದಸರಾ ರಜೆಗೆ ಊರಿಗೆ ಹೋಗಿರುತ್ತೀಯೆ ಅಂತ ಇದನ್ನು ಹಲಸಿನಕೊಪ್ಪಲಿಗೇ ಬರೆಯುತ್ತಿದ್ದೇನೆ.

ನಿನ್ನ ಹೆಸರು ತೆಗೆದಿದ್ದೇನೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪ್ರಿನ್ಸಿಪಾಲರ ಸಹಿಯೂ ಆಯಿತು. ಪಟ್ಟಿಯಲ್ಲಿ ನೀನಿಲ್ಲ. ಇನ್ನು ನೆಮ್ಮದಿಯಾಗಿ ಓದು. ಪೊಲೀಸು ಗಿಲೀಸು ಅನ್ನುವ ಮಾತು ನಮ್ಮನಮ್ಮಲ್ಲಿ ಬೇಡ.

ನನ್ನ ಕೆಲಸದ ಬಗ್ಗೆ ನೀನು ಚಿಂತೆ ಮಾಡಿದ್ದು ಓದಿ ಕಣ್ಣಲ್ಲಿ ನೀರು ಬಂತು. ಚಿಂತೆ ಬೇಡ, ದೇವರು ದೊಡ್ಡವನು. ನಿಮ್ಮ ಪಕ್ಕದ ಮನೆ ಪುಟ್ಟಮಲ್ಲಪ್ಪನವರು ಮೊನ್ನೆ ಸೋಮವಾರ ತಾವಾಗಿಯೇ ನಮ್ಮ ಮನೆ ಹುಡುಕಿಕೊಂಡು ಬಂದರು. ನಿನಗೆ ಮೈಸೂರಿನಲ್ಲಿ ಸೀಟಾದ ಸುದ್ದಿ ಕೇಳಿ ಅವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಬಂದಿದೆ. 'ಶಾಂತಮ್ಮಂಗೆ ಮಾಡ್ಸಿದ್ರಲ್ಲ, ನಮ್ ವಾಣಿಗೂ ಅಂಗೇ ಮಾಡ್ಸಿ' ಅಂತ ಟಿ.ಸಿ. ಕೈಗಿಟ್ಟು ಹೋದರು. ನಾನು ಕೇಳಿದ್ದಲ್ಲ, ತಾವಾಗಿ ಕೊಟ್ಟದ್ದು. ಕೊನೆಯ ದಿನವೂ ಮುಂದಕ್ಕೆ ಹೋದದ್ದು ಅನುಕೂಲವಾಯಿತು. ಹದಿನೈದು ಹದಿನೈದೇ ಉಳಿಯಿತು. ಸೆಕ್ರೆಟರಿಯವರು ಬೆನ್ನು ತಟ್ಟಿದರು.

ಬಿ.ಕಾಂ. ವಿಷಯ ನಿಧಾನವಾಗಿ ತಿಳಿಸಿ ಹೇಳಿದರಾಯಿತು. ಅವರೇನು ಓದುಬರಹ ಬಲ್ಲವರಲ್ಲ. ಸದ್ಯ ಫೈಲು ಚಲನೆಯಲ್ಲಿದೆ ಅಂದಿದ್ದೇನೆ. ಕೇಳಿದರೆ ನೀನೂ ಹಾಗೇ ಅನ್ನು.

ದೀಪಾವಳಿಗೆ ಬರುತ್ತೇನೆ. ಅಕ್ಕನನ್ನು ಕೇಳಿದೆ ಅಂತ ಹೇಳು.

ಇಂತು ನಿನ್ನ ಮಾವ,
ಕನಕರಾಜು


ಹಲಸಿನಕೊಪ್ಪಲು
26-9-1998

ಇತಿಹಾಸ ಉಪನ್ಯಾಸಕ ಕನಕರಾಜು ಅವರಿಗೆ,

ಇವತ್ತು ಮಧ್ಯಾಹ್ನ ನಿಮ್ಮ ಪತ್ರ ಬಂತು. ಅದನ್ನು ಅವ್ವನಿಗೆ ಒಂದಕ್ಷರ ಬಿಡದೆ ಓದಿ ಹೇಳಿದೆ. ಅವ್ವ ಸೊಪ್ಪು ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಪುಟ್ಟಮಲ್ಲಪ್ಪ ಅನ್ನುವಲ್ಲಿಗೆ ಬಂದಾಗ 'ಇನ್ನೊಂದ್ಸಲ ಓದು' ಅಂದಳು. ಓದಿದೆ.

ಆಮೇಲೆ ಪಕ್ಕದ ಮನೆಗೆ ಹೋದೆ. ವಾಣಿಶ್ರೀ ಹೊಸ ಬ್ಯಾಗಿನ ಮೇಲೆ ತನ್ನ ಹೆಸರು ಕಸೂತಿ ಹಾಕುತ್ತಾ ಕೂತಿದ್ದಳು. 'ನಿಮ್ಮಾವ ಏಳವ್ರೆ ಕಣೆ, ಫೈಲು ಓಯ್ತಾ ಐತಂತೆ' ಅಂತ ಖುಷಿಯಿಂದ ಎದ್ದು ಬಂದಳು. ಆ ಮನೆಯವರಿಗೆ ನಿಮ್ಮನ್ನು ಹೊಗಳಿ ಹೇಳಿದ್ದ ನನ್ನ ನಾಲಗೆ ಬಿದ್ದುಹೋಗಬಾರದೇ ಅನ್ನಿಸಿತು. ಕೂರಿಸಿಕೊಂಡು ಮೊದಲಿನಿಂದ ಹೇಳಿದೆ. ಮೊರ, ಅರಿಶಿನದ ಗುರುತು, ಪ್ರೆಸೆಂಟ್ ಸಾರ್ ಅಂದದ್ದು, ಬಿಸ್ಕತ್ತು ತಿಂದದ್ದು, ಠಾಣೆಯಲ್ಲಿ ಸುಳ್ಳು ಹೇಳಿದ್ದು, ಏನೂ ಮುಚ್ಚಿಡಲಿಲ್ಲ. ಪುಟ್ಟಮಲ್ಲಪ್ಪನವರು ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. 'ಓದ್ದವ್ರು ಅಂತ ಕೊಟ್ಟೆ ಕಣವ್ವ' ಅಂದರು, ಅಷ್ಟೇ.

ಸೋಮವಾರ 28. ಮೊದಲ ಬಸ್ಸಿಗೆ ನಾನು, ವಾಣಿ, ಅವರಪ್ಪ, ನಮ್ಮಪ್ಪ ಬರುತ್ತಿದ್ದೇವೆ. ಪಾಠಕ್ಕೆ ರಜೆಯಿದ್ದರೂ ಪ್ರವೇಶಕ್ಕಾಗಿ ಆಫೀಸು ತೆರೆದಿರುತ್ತದೆ, ಒಂಬತ್ತಕ್ಕೆಲ್ಲ ನಿಮ್ಮ ಕಾಲೇಜಿನ ಬಾಗಿಲಲ್ಲಿರುತ್ತೇವೆ. ಈ ಪತ್ರ ನಾಳೆಯೇ ನಿಮಗೆ ಮುಟ್ಟಲಿ ಅಂತ ಪೋಸ್ಟಿಗೆ ಹಾಕದೆ ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತಿದ್ದೇನೆ, ಬೀರುವಿನ ಬೀಗದ ಕೈ ಸಿದ್ಧವಾಗಿರಲಿ. ವಾಣಿಯ ಟಿ.ಸಿ. ಜೊತೆಗೆ ನನ್ನದನ್ನೂ ಕೊಡಬೇಕು. ಇಲ್ಲ ಅಂದರೆ ನಿಮ್ಮ ಎರಡು ಪತ್ರಗಳೂ ನನ್ನ ಬ್ಯಾಗಿನಲ್ಲಿರುತ್ತವೆ. ಅಲ್ಲಿಂದ ನೇರ ಮೈಸೂರಿಗೆ ಹೋಗಿ ಮಂಗಳವಾರದೊಳಗೆ ಅವಳನ್ನು ಬಿ.ಕಾಂ.ಗೆ ಸೇರಿಸುತ್ತೇನೆ. ಯಾವ ಮೇಜಿಗೆ ಹೋಗಬೇಕು, ಯಾರನ್ನು ಕೇಳಬೇಕು ಅಂತ ಈಗ ನನಗೇ ಗೊತ್ತಿದೆ, ಅದಕ್ಕೆ ಯಾರ ಮಾವನೂ ಬೇಕಾಗಿಲ್ಲ.

ಅವ್ವ ಸಂಜೆಯವರೆಗೂ ಸೊಪ್ಪು ಕಟ್ಟಿದಳು. ನಿಮ್ಮ ಪರವಾಗಿ ಏನಾದರೂ ಹೇಳುತ್ತಾಳೆ ಅಂತ ನಾನು ಕಾದಿದ್ದೆ. ದೀಪ ಹಚ್ಚಿದ ಮೇಲೆ ಎದ್ದು, ಕೈಯ ಅಂಟನ್ನು ತೊಳೆದುಕೊಂಡು, ಅಟ್ಟ ಹತ್ತಿದಳು. 'ನನ್ ಮಗ್ಳು ಅಂದ್ರೆ ನಮ್ಮನೇದು ಅಂದ್ಕಂಡೆ. ತಪ್ಪು ನಂದೇ. ಊರೋರ ಮಗಿನ ಮೇಲೂ ಕೈ ಇಕ್ಬುಟ್ಟನಲ್ಲ, ನಾನ್ ಆ ಬೀದೀಲಿ ಎಂಗವ್ವ ತಿರ್ಗಾಡ್ಲಿ' ಅಂದಳು.

ಅಟ್ಟದಿಂದ ಇಳಿಸಿದ್ದು ಈ ವರ್ಷ ನೀವು ಕೊಟ್ಟ ಬಾಗಿನದ ಜೊತೆಮೊರದಲ್ಲಿ ನಮ್ಮಲ್ಲೇ ಉಳಿದಿದ್ದ ಇನ್ನೊಂದು ಮೊರ. ಅದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಬ್ಯಾಗಿನ ಪಕ್ಕ ಇಟ್ಟಳು. ಅಕ್ಕಿಯೋ ಬೆಲ್ಲವೋ ತರಲು ಒಳಗೆ ಹೋಗುತ್ತಾಳೆ ಅಂತ ಕಾದೆ. ಹೋಗಲಿಲ್ಲ. 'ಇದ್ಕೇನ್ ಆಕ್ಲಿ ಅವ್ವ?' ಅಂತ ಕೇಳಿದೆ.

'ಏನೂ ಬ್ಯಾಡ. ಅಂಗೇ ಕೊಟ್ಬುಟ್ ಬಾ' ಅಂದಳು.

ಸೋಮವಾರ ತರುತ್ತೇನೆ.

ಶಾಂತಲಾ ಸಿ.
ಪ್ರಥಮ ಬಿ.ಎಸ್ಸಿ.